ಫ್ರೆಂಚ್‌ನ ‘ಪಾಸೇ’ ಕ್ರಿಯಾಪದ: ಅರ್ಥ ಹಿಡಿಯುವ ಕ್ರಮ, ಬಳಕೆ, ಎಡವುವ ಜಾಗಗಳು

ಶನಿವಾರ, ಭಾನುವಾರ ನನ್ನ ಹತ್ತಿರ ಫ್ರೆಂಚ್ ಪಾಠಕ್ಕೆ ಬರುವವರ ನೋಟ್‌ಬುಕ್ಕುಗಳಲ್ಲಿ ಅತಿ ಹೆಚ್ಚು ಕೆಂಪು ಗೀಟು ಬೀಳುವುದು ಒಂದೇ ಕ್ರಿಯಾಪದದ ಕೆಳಗೆ: ಪಾಸೇ. ಅಕ್ಷರದಲ್ಲಿ ಪಿ-ಎ-ಎಸ್-ಎಸ್-ಇ-ಆರ್. ತೀರಾ ಮೊದಲ ಮಟ್ಟವಾದ ಎ1ರ ಪುಸ್ತಕದಲ್ಲೇ ಬರುವ ಪದ, ಆದರೆ ಮೂರು ಮೆಟ್ಟಿಲು ಮೇಲಿನ ಬಿ2 ಮಟ್ಟ ಮುಗಿಸಿದವರೂ ಎಡವುತ್ತಾರೆ. ಉಪ್ಪು ಕೊಡು ಅನ್ನುವುದಕ್ಕೆ ಇದೇ ಪದ. ಪರೀಕ್ಷೆ ಬರೆದೆ, ನೆಲ ಒರೆಸಿದೆ, ಮನೆ ಕಡೆ ಬಂದು ಹೋಗು, ಏನಾಯ್ತು, ಕಾಫಿ ಇಲ್ಲದೆ ನಡೆಯಲ್ಲ, ಎಲ್ಲಕ್ಕೂ ಇದೇ.

ಇದನ್ನು ನೋಡಿ ಗಾಬರಿಯಾದವರು ಸಾಮಾನ್ಯವಾಗಿ ಮೂವತ್ತು ಅರ್ಥಗಳ ಪಟ್ಟಿ ಬರೆದು ಬಾಯಿಪಾಠಕ್ಕೆ ಕೂರುತ್ತಾರೆ. ವಾರ ಕಳೆಯುವುದರೊಳಗೆ ಪಟ್ಟಿ ಮರೆತುಹೋಗುತ್ತದೆ. ಪಾಸೇ ಒಂಟಿಯಾಗಿ ನಿಂತಾಗ ಅದಕ್ಕೆ ಗಟ್ಟಿಯಾದ ಅರ್ಥವೇ ಇಲ್ಲ. ಅರ್ಥ ಇರುವುದು ಅದರ ಅಕ್ಕಪಕ್ಕದಲ್ಲಿ. ಹಿಂದೆ ಏನಿದೆ, ಮುಂದೆ ಏನಿದೆ ಅಂತ ಒಂದು ಕ್ರಮದಲ್ಲಿ ನೋಡುವ ಅಭ್ಯಾಸ ಮಾಡಿಕೊಂಡರೆ ಪಟ್ಟಿ ಬೇಕಾಗುವುದಿಲ್ಲ. ಆ ಕ್ರಮ ಕೆಳಗಿದೆ. ಹಂತ ಹಾರಿಸಬೇಡಿ, ಅದರಲ್ಲೂ ಮೂರನೆಯದನ್ನು.

## ಶುರು ಮಾಡುವ ಮುನ್ನ

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಒಂದು ಫ್ರೆಂಚ್-ಫ್ರೆಂಚ್ ನಿಘಂಟು. ಲಾರೂಸ್‌ನ ಆನ್‌ಲೈನ್ ನಿಘಂಟು ಉಚಿತ, ನಮ್ಮ ಕೆಲಸಕ್ಕೆ ಸಾಕು. ಫ್ರೆಂಚ್-ಇಂಗ್ಲಿಷ್ ನಿಘಂಟನ್ನು ಸದ್ಯಕ್ಕೆ ಮುಚ್ಚಿಡಿ. ನಮ್ಮಲ್ಲಿ ಬಹುತೇಕರು ಫ್ರೆಂಚ್ ಕಲಿಯುವುದು ಇಂಗ್ಲಿಷ್ ಮೂಲಕ. ಪಾಸೇ ವಿಷಯದಲ್ಲಿ ಅರ್ಧಕ್ಕರ್ಧ ತಪ್ಪು ಹುಟ್ಟುವುದು ಅಲ್ಲೇ, ಯಾಕೆಂದರೆ ಇಂಗ್ಲಿಷ್‌ನಲ್ಲಿ ಇದೇ ಮುಖದ ಇನ್ನೊಂದು ಪದ ಕೂತಿದೆ. ಕನ್ನಡದಿಂದ ನೇರ ಹೊರಟರೆ ದಾರಿ ಎಷ್ಟೋ ಸಲ ಹತ್ತಿರ.

ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಫ್ರೆಂಚ್ ವಾಕ್ಯಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ‘ಝ’ ಅಂದರೆ ಫ್ರೆಂಚ್‌ನ ಮೆದು ಜೆ, ‘ಜ಼’ ಅಂದರೆ ಜ಼ೆಡ್‌ನ ಸದ್ದು. ಪದದ ಕೊನೆಯ ಸೊನ್ನೆಯನ್ನು ‘ಮ್’ ಅನ್ನಬೇಡಿ, ಮೂಗಿನಲ್ಲಿ ಬಿಡಿ. ಕಾಗುಣಿತ ಮುಖ್ಯವಾದ ಕಡೆ ಅಕ್ಷರಗಳನ್ನು ಬಿಡಿಸಿ ಹೇಳಿದ್ದೇನೆ.

## ಹಂತ 1: ಮೊದಲು ರೂಪ, ಆಮೇಲೆ ಅರ್ಥ

ವರ್ತಮಾನ ಕಾಲ ಹೀಗೆ: ಝ ಪಾಸ್, ತ್ಯು ಪಾಸ್, ಈಲ್ ಪಾಸ್, ನೂ ಪಾಸೋಂ, ವೂ ಪಾಸೇ, ಈಲ್ ಪಾಸ್. ಆರು ರೂಪ, ಸದ್ದು ಮೂರೇ. ಬರೆಯುವಾಗ ತ್ಯು ಜೊತೆ ಕೊನೆಗೊಂದು ಎಸ್, ಬಹುವಚನದ ಈಲ್ ಜೊತೆ ಇ-ಎನ್-ಟಿ ಬರುತ್ತದೆ. ಬಾಯಲ್ಲಿ ಎರಡೂ ಬರಿಯ ‘ಪಾಸ್’.

ಇಲ್ಲಿ ಕನ್ನಡದ ಅಭ್ಯಾಸ ಕೈಕೊಡುತ್ತದೆ. ‘ಬರ್ತೀನಿ’ ಅಂದರೆ ಸಾಕು, ನಾನು ಅನ್ನುವುದು ‘ಈನಿ’ಯಲ್ಲೇ ಇದೆ. ಫ್ರೆಂಚ್ ಕ್ರಿಯಾಪದದ ಬಾಲ ಕಿವಿಗೆ ಏನೂ ಹೇಳುವುದಿಲ್ಲ. ಝ ಬಿಟ್ಟು ಬರೀ ‘ಪಾಸ್’ ಅಂದರೆ ಎದುರಿನವರಿಗೆ ಕೇಳುವುದು ಆಜ್ಞೆ: ದಾಟು, ಕೊಡು. ಕರ್ತೃ ಪದವನ್ನು ಯಾವತ್ತೂ ನುಂಗಬೇಡಿ.

ಇನ್ನೊಂದು ತೊಡಕು ಬರವಣಿಗೆಯದು. ‘ಪಾಸೇ’ ಅಂತ ಕೇಳುವ ಪದ ಕಾಗದದ ಮೇಲೆ ಮೂರು ಥರ ಇರಬಹುದು: ಮೂಲರೂಪವಾದರೆ ಕೊನೆಗೆ ಇ-ಆರ್, ಭೂತಕೃದಂತವಾದರೆ ಬಲಕ್ಕೆ ವಾಲಿದ ಗೀರು ಹೊತ್ತ ಇ, ‘ವೂ’ ಜೊತೆಯಾದರೆ ಇ-ಜ಼ೆಡ್. ಯಾವುದು ಅಂತ ಗೊಂದಲವಾದರೆ ಆ ಜಾಗದಲ್ಲಿ ಮಾರು ಅನ್ನುವ ಅರ್ಥದ ವಾಂದ್ರ್ ಇಟ್ಟು ನೋಡಿ. ಫ್ರಾನ್ಸ್‌ನ ಶಾಲೆಗಳಲ್ಲಿ ಮಕ್ಕಳಿಗೂ ಇದೇ ಥರದ ಉಪಾಯ ಹೇಳಿಕೊಡುತ್ತಾರೆ. ‘ಝ ವೇ ಪಾಸೇ’ ಜಾಗದಲ್ಲಿ ‘ಝ ವೇ ವಾಂದ್ರ್’ ಕೂರುತ್ತದೆ, ಹಾಗಾಗಿ ಇ-ಆರ್. ‘ಝೇ ಪಾಸೇ’ ಜಾಗದಲ್ಲಿ ‘ಝೇ ವಾಂದ್ಯು’ ಕೂರುತ್ತದೆ, ಹಾಗಾಗಿ ಗೀರಿನ ಇ. ವಾಕ್ಯಕ್ಕೆ ಅರ್ಥ ಬಾರದಿದ್ದರೂ ಚಿಂತೆಯಿಲ್ಲ, ಕಿವಿಗೆ ಹೊಂದಿದರೆ ಸಾಕು.

## ಹಂತ 2: ಹಿಂದೆ ‘ಸ’ ಇದೆಯೇ ನೋಡಿ

ಪಾಸೇ ಕಂಡ ಕೂಡಲೇ ಎಡಗಡೆ ನೋಡಿ. ಮ, ತ, ಸ, ನೂ, ವೂ ಇವುಗಳಲ್ಲಿ ಯಾವುದಾದರೂ ಇದ್ದು, ಅದೂ ಕರ್ತೃವೂ ಒಬ್ಬರೇ ಆಗಿದ್ದರೆ ನೀವಿರುವುದು ಬೇರೆಯೇ ಕೋಣೆಯಲ್ಲಿ. ‘ತ್ಯು ಮ ಪಾಸ್ ಲ ಸೆಲ್?’ ಅನ್ನುವಲ್ಲಿ ‘ಮ’ ಇದೆ ನಿಜ, ಆದರೆ ಕೊಡುವವನು ನೀನು, ಪಡೆಯುವವನು ನಾನು. ಇಬ್ಬರೂ ಬೇರೆ, ಆದ್ದರಿಂದ ಇದು ಆ ಕೋಣೆಯದ್ದಲ್ಲ.

ಆ ಕೋಣೆಯಲ್ಲಿ ಮುಖ್ಯವಾಗಿ ಎರಡೇ ಅರ್ಥ. ಒಂದು, ಆಗು, ನಡೆ. ‘ಕೆಸ್ ಕಿ ಸ ಪಾಸ್?’ ಅಂದರೆ ಏನಾಗ್ತಿದೆ, ಏನು ಸಮಾಚಾರ. ‘ಸಾ ಸೆ ಬಿಯಾಂ ಪಾಸೇ?’ ಅಂದರೆ ಎಲ್ಲ ಚೆನ್ನಾಗಿ ಆಯ್ತಾ. ಈ ಅರ್ಥದಲ್ಲಿ ಕರ್ತೃ ಒಂದು ಘಟನೆಯಾಗಿರಬೇಕು: ಪರೀಕ್ಷೆ, ಪ್ರಯಾಣ, ಮದುವೆ. ಮನುಷ್ಯರು ‘ಆಗುವುದಿಲ್ಲ’.

‘ಸ’ ಒಂದು ಬಿದ್ದುಹೋದರೆ ಏನಾಗುತ್ತದೆ ನೋಡಿ. ‘ಕೆಸ್ ಕಿ ಪಾಸ್ ಆ ಲಾ ತೇಲೇ?’ ಅಂದರೆ ಟಿವಿಯಲ್ಲಿ ಏನು ಬರ್ತಿದೆ. ರಸ್ತೆಯಲ್ಲಿ ಜನ ಸೇರಿದ್ದಾರೆ, ನೀವು ಹೋಗಿ ‘ಕೆಸ್ ಕಿ ಪಾಸ್?’ ಅಂದರೆ, ಇಲ್ಲಿ ಯಾವ ಬಸ್ಸು ಬರುತ್ತೆ ಅಂತ ಕೇಳಿದ ಹಾಗೆ ಕೇಳಿಸೀತು.

ಎರಡನೆಯ ಅರ್ಥಕ್ಕೆ ಬಾಲದಲ್ಲಿ ‘ದ’ ಬೇಕು. ‘ಸ ಪಾಸೇ ದ’ ಅಂದರೆ ಅದಿಲ್ಲದೆ ನಡೆಸು, ಅದಿಲ್ಲದೆ ಇರು. ‘ಝ ನ ಪೊ ಪಾ ಮ ಪಾಸೇ ದ ಕಾಫೇ’: ಕಾಫಿ ಇಲ್ಲದೆ ನನಗೆ ಆಗಲ್ಲ. ‘ಝ ಮಾಂ ಪಾಸ್’ ಅಂದರೆ ಅದಿಲ್ಲದಿದ್ದರೂ ನಡೆಯುತ್ತೆ ಬಿಡಿ. ಇಲ್ಲಿ ‘ದ ಕಾಫೇ’ ಕುಗ್ಗಿ ಆ ‘ಆಂ’ ಆಗಿದೆ. ಷರತ್ತಿನ ರೂಪದಲ್ಲಿ ‘ಝ ಮಾಂ ಪಾಸ್ರೇ ಬಿಯಾಂ’ ಅಂದರೆ ಅದರಲ್ಲಿ ಸಣ್ಣ ಮುಳ್ಳಿರುತ್ತದೆ: ಇದೊಂದು ಇಲ್ಲದಿದ್ದರೆ ಹಾಯಾಗಿರುತ್ತಿತ್ತು. ಕಚೇರಿಯ ಸೋಮವಾರ ಬೆಳಗಿನ ಮೀಟಿಂಗ್ ಬಗ್ಗೆ ಹೇಳುವ ಮಾತು ಅನ್ನಿ.

ಎಚ್ಚರಿಕೆಯ ಸೂಚನೆ: ‘ಝ ಮ ಪಾಸ್’ ಅಂತ ಬರೆದು ಮುಂದೆ ‘ದ’ ಇಲ್ಲವಾದರೆ ವಾಕ್ಯ ಬಹುಮಟ್ಟಿಗೆ ಕೆಟ್ಟಿದೆ ಅಂತಲೇ ತಿಳಿಯಿರಿ.

‘ಸ’ ಇರುವ ಎಲ್ಲ ಕಡೆ ಭೂತಕಾಲಕ್ಕೆ ಸಹಾಯಕ ಕ್ರಿಯಾಪದ ಎತ್ರ್ (‘ಇರು’). ಯೋಚನೆ ಮಾಡುವುದೇ ಬೇಡ.

## ಹಂತ 3: ಅವ್ವಾರ್ ಅಥವಾ ಎತ್ರ್, ಇಲ್ಲಿ ನಿಧಾನಿಸಿ

‘ಸ’ ಇಲ್ಲ ಅಂತ ಖಾತ್ರಿಯಾಯಿತು. ಈಗ ಭೂತಕಾಲದಲ್ಲಿ ‘ಝೇ ಪಾಸೇ’ ಅನ್ನಬೇಕೋ ‘ಝ ಸ್ವಿ ಪಾಸೇ’ ಅನ್ನಬೇಕೋ? ಮೊದಲನೆಯದರಲ್ಲಿ ಇರುವ ಸಹಾಯಕ ಕ್ರಿಯಾಪದ ಅವ್ವಾರ್ (‘ಹೊಂದಿರು’), ಎರಡನೆಯದರಲ್ಲಿ ಎತ್ರ್. ಹೋಗು-ಬರು ಥರದ ಕ್ರಿಯಾಪದಗಳಿಗೆ ಎತ್ರ್ ಅಂತ ಚಿತ್ರ ಬರೆದು ಕಲಿಸುವ ಪುಸ್ತಕಗಳಿವೆ. ಕೆಲವು ಪಾಸೇಯನ್ನು ಆ ಪಟ್ಟಿಗೆ ಸೇರಿಸುತ್ತವೆ, ಕೆಲವು ಬಿಡುತ್ತವೆ. ಸೇರಿಸಿದ ಪುಸ್ತಕ ಓದಿದವರು ಎಲ್ಲ ಕಡೆ ಎತ್ರ್ ಹಾಕುತ್ತಾರೆ, ಬಿಟ್ಟದ್ದನ್ನು ಓದಿದವರು ಎಲ್ಲ ಕಡೆ ಅವ್ವಾರ್. ಇಬ್ಬರಿಗೂ ಸಮಪಾಲು ತಪ್ಪು.

ನಿಯಮ ಇಷ್ಟು. ಪಾಸೇಗೆ ನೇರ ಕರ್ಮ ಇದ್ದರೆ ಅವ್ವಾರ್. ಇಲ್ಲದಿದ್ದರೆ ಎತ್ರ್. ಸೊರ್ತೀರ್, ಮೋಂತೇ, ದೆಸಾಂದ್ರ್, ರಾಂತ್ರೇ, ರತೂರ್ನೇ ಇವೂ ಇದೇ ಜಾತಿ, ಆದ್ದರಿಂದ ಇಲ್ಲಿ ಕಲಿತದ್ದು ಅಲ್ಲೂ ಕೆಲಸಕ್ಕೆ ಬರುತ್ತದೆ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಜೋಡಿ ಇದೆ: ಕಳೆ. ‘ಎರಡು ವರ್ಷ ಕಳೆಯಿತು’ ಅಂದರೆ ವರ್ಷ ತಾನಾಗಿ ಹೋಯಿತು. ‘ಎರಡು ವರ್ಷ ಕಳೆದೆ’ ಅಂದರೆ ನಾನು ಕಳೆದೆ, ವರ್ಷ ಕರ್ಮ. ಒಂದೇ ಧಾತು, ಎರಡು ನಡೆ. ‘ಝೇ ಪಾಸೇ ತ್ರ್ವಾ ಝೂರ್ ಆ ಪಾರಿ’: ಪ್ಯಾರಿಸ್‌ನಲ್ಲಿ ಮೂರು ದಿನ ಕಳೆದೆ. ಏನನ್ನು ಕಳೆದೆ? ಮೂರು ದಿನ. ಅವ್ವಾರ್. ‘ಝ ಸ್ವಿ ಪಾಸೇ ಪಾರ್ ಲಿಯೋಂ’: ಲಿಯೋಂ ಮೇಲೆ ಹಾದು ಬಂದೆ. ಏನನ್ನು? ಏನೂ ಇಲ್ಲ, ದಾರಿ ಮಾತ್ರ. ಎತ್ರ್.

ಈ ‘ಏನನ್ನು?’ ಪರೀಕ್ಷೆ ಹತ್ತರಲ್ಲಿ ಎಂಟು ಸಲ ಕೆಲಸ ಮಾಡುತ್ತದೆ. ಮಿಕ್ಕ ಎರಡು ಸಲ ಕನ್ನಡವೇ ದಾರಿ ತಪ್ಪಿಸುತ್ತದೆ. ‘ಬ್ಯಾಂಕನ್ನು ದಾಟಿಕೊಂಡು ಹೋದೆ’ ಅನ್ನುತ್ತೇವೆ, ‘ಅನ್ನು’ ಕಂಡಿತು ಅಂತ ಅವ್ವಾರ್ ಹಾಕುತ್ತೇವೆ. ಫ್ರೆಂಚ್‌ನಲ್ಲಿ ಅದು ‘ಝ ಸ್ವಿ ಪಾಸೇ ದವಾಂ ಲಾ ಬಾಂಕ್’, ಅಂದರೆ ಬ್ಯಾಂಕಿನ ಮುಂದೆ ಹಾದೆ. ನಡುವೆ ದವಾಂ ನಿಂತಿದೆ, ಆದ್ದರಿಂದ ಬ್ಯಾಂಕ್ ನೇರ ಕರ್ಮವಲ್ಲ. ಗಡಿ ದಾಟಿದೆ ಅನ್ನುವಾಗ ಮಾತ್ರ ‘ಝೇ ಪಾಸೇ ಲಾ ಫ್ರೋಂತಿಯೇರ್’, ನಡುವೆ ಯಾರೂ ಇಲ್ಲ. ಹಾಗಾಗಿ ಕೊನೆಯ ತೀರ್ಪು ಕನ್ನಡದ ವಿಭಕ್ತಿಗೆ ಬಿಡಬೇಡಿ. ಪಾಸೇ ಆದ ಕೂಡಲೇ ಬರುವ ಪದ ನೋಡಿ: ನಾಮಪದ ಬಂದರೆ ಅವ್ವಾರ್, ಪಾರ್, ಶೇ, ದವಾಂ, ಸೂ ಥರದ ಪ್ರಿಪೊಸಿಷನ್ ಬಂದರೆ ಎತ್ರ್.

‘ಆ ಪಾರಿ’ಯಲ್ಲಿ ಪ್ರಿಪೊಸಿಷನ್ ಇತ್ತಲ್ಲ ಅಂತ ಕೇಳುತ್ತೀರಿ. ಇತ್ತು, ಆದರೆ ಅದಕ್ಕೆ ಮೊದಲು ‘ತ್ರ್ವಾ ಝೂರ್’ ಬಂದು ಕೂತಿತ್ತು. ಮೊದಲು ಬಂದವರಿಗೆ ಸೀಟು. ಕರ್ಮ ಸರ್ವನಾಮವಾಗಿ ಕ್ರಿಯಾಪದದ ಹಿಂದೆ ಅವಿತಿದ್ದರೂ ಲೆಕ್ಕಕ್ಕೆ ಬರುತ್ತದೆ: ‘ಝ ತ ಲೇ ಪಾಸೇ’, ಅದನ್ನು ನಿನಗೆ ಕೊಟ್ಟೆ.

ಸಹಾಯಕ ಕ್ರಿಯಾಪದ ಅರ್ಥವನ್ನೇ ಬದಲಿಸುವುದನ್ನು ನೋಡಬೇಕಾದರೆ ರಪಾಸೇ ತೆಗೆದುಕೊಳ್ಳಿ. ‘ಝ ರಪಾಸ್ ಸ ಸ್ವಾರ್’ ಅಂತ ಯಾರಾದರೂ ಅಂದರೆ ಸಂಜೆ ಮತ್ತೆ ಬರ್ತೀನಿ ಅಂತಲೂ ಆದೀತು, ಸಂಜೆ ಬಟ್ಟೆ ಇಸ್ತ್ರಿ ಮಾಡ್ತೀನಿ ಅಂತಲೂ ಆದೀತು. ಭೂತಕಾಲಕ್ಕೆ ತಂದರೆ ಗುಟ್ಟು ರಟ್ಟು: ‘ಝ ಸ್ವಿ ರಪಾಸೇ’ ಅಂದರೆ ಮತ್ತೆ ಬಂದಿದ್ದೆ, ‘ಝೇ ರಪಾಸೇ’ ಅಂದರೆ ಇಸ್ತ್ರಿ ಮಾಡಿದೆ.

ಕಾಲ ಸರಿಯಿತು ಅನ್ನುವಲ್ಲಿ ‘ಲ ತಾಂ ಎ ಪಾಸೇ’ ಮತ್ತು ‘ಲ ತಾಂ ಆ ಪಾಸೇ’ ಎರಡೂ ಕೇಳಿಸುತ್ತವೆ. ನೀವು ಎತ್ರ್ ಬಳಸಿ ಮುಂದೆ ಹೋಗಿ.

## ಹಂತ 4: ಕರ್ಮ ಬಂದಾಗ ಯಾವ ಕರ್ಮ ನೋಡಿ

ಕೈಯಲ್ಲಿ ಹಿಡಿಯುವ ವಸ್ತುವಾದರೆ ಕೊಡು, ದಾಟಿಸು. ‘ಪಾಸ್ ಮ್ವಾ ಲ ಸೆಲ್’: ಉಪ್ಪು ಈ ಕಡೆ ಕೊಡು. ‘ತ್ಯು ಮ ಪಾಸ್ ತೋಂ ಸ್ತೀಲೋ?’: ಪೆನ್ನು ಕೊಡ್ತೀಯಾ, ಸ್ವಲ್ಪ ಹೊತ್ತಿಗೆ. ಗೆಳೆಯರ ನಡುವೆ ಎರವಲು ಕೇಳುವುದಕ್ಕೂ ಇದೇ ಸಾಕು.

ಫೋನಿನಲ್ಲಿ ಕೊಡುವುದು ಮಜವಾಗಿದೆ. ನಾವು ‘ಅಮ್ಮನಿಗೆ ಕೊಡ್ತೀನಿ’ ಅನ್ನುತ್ತೇವೆ, ಅಂದರೆ ಫೋನನ್ನು ಅಮ್ಮನಿಗೆ. ಫ್ರೆಂಚರು ಅಮ್ಮನನ್ನೇ ದಾಟಿಸುತ್ತಾರೆ: ‘ಝ ತ ಪಾಸ್ ಮಾಮಾಂ’, ನಿನಗೆ ಅಮ್ಮನನ್ನು ಕೊಡ್ತೀನಿ. ಕನ್ನಡದ ವಿಭಕ್ತಿಯನ್ನು ಹಾಗೇ ಇಟ್ಟು ವಾಕ್ಯ ಮಾಡಿದರೆ ಯಾರನ್ನು ಯಾರಿಗೆ ಅನ್ನುವುದು ತಿರುಗುಮುರುಗಾಗುತ್ತದೆ. ಕಚೇರಿಯಲ್ಲಾದರೆ ‘ಝ ವೂ ಲ ಪಾಸ್’, ಅವರಿಗೆ ಲೈನ್ ಕೊಡ್ತೀನಿ.

ಮನೆಗೆಲಸದ ಸಾಮಾನಾದರೆ ಆ ಸಾಮಾನನ್ನು ನೆಲದ ಮೇಲೆ ಆಡಿಸು ಅಂತ ಅರ್ಥ. ‘ಪಾಸೇ ಲ ಬಾಲೇ’ ಕಸ ಗುಡಿಸುವುದು, ‘ಪಾಸೇ ಲಾ ಸೆರ್ಪಿಯೇರ್’ ನೆಲ ಒರೆಸುವುದು, ‘ಪಾಸೇ ಲಾಸ್ಪಿರಾತರ್’ ವ್ಯಾಕ್ಯೂಮ್ ಹಾಕುವುದು. ಬಾಲೇ ಅಂದರೆ ಪೊರಕೆ; ಗುಡಿಸುವ ಜಾಗವನ್ನು ಕರ್ಮ ಮಾಡಬೇಡಿ, ಪೊರಕೆಯೇ ಕರ್ಮ. ಪಾಲುದಾರರ ಜೊತೆ ಮನೆ ಹಂಚಿಕೊಂಡಿರುವ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಬೇಕಾಗುವ ಮೂರು ಮಾತು ಇವು. ಅಡುಗೆಮನೆಯಲ್ಲಿ ಪಾಸೇ ಅಂದರೆ ಸೋಸು ಕೂಡ. ನೀರು ಬಸಿಯುವ ತೂತಿನ ಪಾತ್ರೆಗೆ ಪಾಸ್ವಾರ್ ಅನ್ನುವುದು ಅದಕ್ಕೇ.

ಸಮಯವಾದರೆ ಕಳೆ. ಏನು ಮಾಡುತ್ತಾ ಕಳೆದಿರಿ ಅನ್ನುವುದಕ್ಕೆ ‘ಆ’ ಮತ್ತು ಮೂಲರೂಪ: ‘ಝೇ ಪಾಸೇ ತ್ರ್ವಾ ಜ಼ರ್ ಆ ಶೆರ್ಶೇ ಮೇ ಕ್ಲೇ’, ಬೀಗದ ಕೈ ಹುಡುಕುವುದರಲ್ಲಿ ಮೂರು ಗಂಟೆ ಹೋಯಿತು. ‘ಹುಡುಕೋದಕ್ಕೆ’ ಅಂತ ಮನಸ್ಸಿನಲ್ಲಿ ಇಟ್ಟುಕೊಂಡವರು ‘ಆ’ ಬದಲು ‘ಪೂರ್’ ಹಾಕುತ್ತಾರೆ. ತಪ್ಪು. ಅದೇ ‘ಪೂರ್ ಪಾಸೇ ಲ ತಾಂ’ ಅಂದರೆ ಹೊತ್ತು ಕಳೆಯೋಕೆ, ನಮ್ಮ ಟೈಂಪಾಸ್‌ಗೆ. ಕಡಲೆಕಾಯಿ ಪೊಟ್ಟಣ ಮಾರುವವನ ‘ಟೈಂಪಾಸ್, ಟೈಂಪಾಸ್’ ನೆನಪಿದ್ದರೆ ಇದು ಜನ್ಮದಲ್ಲಿ ಮರೆಯುವುದಿಲ್ಲ.

ಆರ್ಡರ್ ಕೊಡುವುದು ‘ಪಾಸೇ ಯುನ್ ಕೊಮಾಂದ್’, ಫೋನ್ ಮಾಡುವುದು ‘ಪಾಸೇ ಅಂ ಕೂ ದ ಫೀಲ್’. ಇವನ್ನು ಇಡಿಯಾಗಿ ನುಂಗಿಬಿಡಿ.

## ಹಂತ 5: ಪರೀಕ್ಷೆಯ ಬಲೆ

ಇದು ಕರ್ಮದ ಹಂತದಲ್ಲೇ ಸೇರಬೇಕಿತ್ತು. ಬೀಳುವವರು ಬಹಳ, ಅದಕ್ಕೆ ಬೇರೆ ಇಟ್ಟಿದ್ದೇನೆ.

‘ಪಾಸೇ ಅಂ ಎಗ್ಜಾಮ್ಯಾಂ’ ಅಂದರೆ ಪರೀಕ್ಷೆ ಬರೆಯುವುದು, ಪರೀಕ್ಷೆಗೆ ಕೂರುವುದು. ಪಾಸಾಗುವುದಲ್ಲ. ಪಾಸಾಗುವುದಕ್ಕೆ ರೇಯುಸೀರ್, ಫೇಲಾಗುವುದಕ್ಕೆ ಆಡುಮಾತಿನಲ್ಲಿ ರಾತೇ, ಗಂಭೀರ ಬರಹದಲ್ಲಿ ಏಶುಏ ಆ. ನಮಗೆ ಇಲ್ಲಿ ಎರಡು ಪಟ್ಟು ಕಷ್ಟ. ಇಂಗ್ಲಿಷ್ ಒಂದು ಕಡೆ ಎಳೆಯುತ್ತದೆ, ಅದರಿಂದ ಬಂದು ಕನ್ನಡದಲ್ಲೇ ಮನೆ ಮಾಡಿರುವ ‘ಪಾಸ್ ಆದೆ’ ಇನ್ನೊಂದು ಕಡೆ.

ನಾನೂ ಬಿದ್ದವನೇ. ಮೊದಲ ಕೆಲಸದಲ್ಲಿ ಫ್ರಾನ್ಸ್‌ನ ತಂಡದ ಜೊತೆ ಫೋನಿನಲ್ಲಿ ಮಾತಾಡುವಾಗ ಹೆಮ್ಮೆಯಿಂದ ‘ಝೇ ಪಾಸೇ ಲ ದೆಲ್ಫ್’ ಅಂದೆ (ದೆಲ್ಫ್ ಅಂದರೆ ಫ್ರೆಂಚ್ ಎಷ್ಟು ಬರುತ್ತದೆ ಅಂತ ಅಳೆದು ಪ್ರಮಾಣಪತ್ರ ಕೊಡುವ ಪರೀಕ್ಷೆ). ಅಭಿನಂದನೆ ಬರುತ್ತದೆ ಅಂತ ಕಾದರೆ ಆ ಕಡೆಯಿಂದ ಬಂದದ್ದು ‘ಏ ಆಲೋರ್? ತ್ಯು ಲಾ ಯು?’ ಮತ್ತೆ, ಸಿಕ್ಕಿತಾ? ನಾನು ಹೌದು ಹೌದು, ಹೇಳಿದೆನಲ್ಲ, ಝೇ ಪಾಸೇ ಅಂತ ಮತ್ತೆ ಅದನ್ನೇ ಹೇಳಿದೆ. ಬರೆದಿದ್ದೀಯ ಸರಿ, ಆಮೇಲೆ? ಎರಡು ಸುತ್ತು ಹೀಗೇ ನಡೆಯಿತು. ಆ ‘ತ್ಯು ಲಾ ಯು?’ ಇದೆಯಲ್ಲ, ಅದೇ ಎಚ್ಚರಿಕೆಯ ಗಂಟೆ. ನೀವು ಪಾಸಾದೆ ಅಂದುಕೊಂಡು ಹೇಳಿದ ಮೇಲೂ ಆ ಪ್ರಶ್ನೆ ಬಂದರೆ ತಪ್ಪು ಪದ ಬಳಸಿದ್ದೀರಿ. ಉತ್ತರ: ‘ವೀ, ಝ ಲೇ ಯು’.

ಬಯೊಡೇಟಾದಲ್ಲಿ ಇದು ನಿಜವಾಗಿ ನಷ್ಟ ಮಾಡುತ್ತದೆ. ದೆಲ್ಫ್‌ನಲ್ಲಿ ಒಟ್ಟು 100ಕ್ಕೆ 50 ಅಂಕ, ನಾಲ್ಕು ಭಾಗಗಳಲ್ಲಿ ಪ್ರತಿಯೊಂದರಲ್ಲೂ 25ಕ್ಕೆ ಕನಿಷ್ಠ 5 ಬಂದರೆ ಪ್ರಮಾಣಪತ್ರ. ಅದನ್ನು ದುಡಿದು ಗಳಿಸಿದ ಮೇಲೆ ‘ಝೇ ಪಾಸೇ’ ಅಂತ ಬರೆದರೆ ಓದುವವರು ಇವರು ಪರೀಕ್ಷೆಗೆ ಕೂತಿದ್ದರು ಅಂತ ಮಾತ್ರ ತಿಳಿಯುತ್ತಾರೆ. ‘ಝೇ ಓಪ್ತನ್ಯು ಲ ದೆಲ್ಫ್’ ಅಂತ ಬರೆಯಿರಿ, ಪಡೆದಿದ್ದೇನೆ ಅಂತ.

ಡ್ರೈವಿಂಗ್ ಲೈಸೆನ್ಸ್‌ಗೂ ಇದೇ ಕಥೆ. ಫ್ರಾನ್ಸ್‌ನಲ್ಲಿ ‘ಪಾಸೇ ಲ ಕೋದ್’ ಅಂದರೆ ರಸ್ತೆ ನಿಯಮದ 40 ಪ್ರಶ್ನೆಗಳ ಪರೀಕ್ಷೆಗೆ ಕೂರುವುದು. 35 ಸರಿಯಾದರೆ ‘ಝ ಲೇ ಯು’. ಉದ್ಯೋಗದ ಸಂದರ್ಶನ ‘ಪಾಸೇ ಅನ್ ಆಂತ್ರತಿಯಾಂ’, ಅಲ್ಲೂ ಹೋಗಿಬಂದೆ ಅನ್ನುವುದಷ್ಟೇ, ಆಯ್ಕೆಯಾದೆ ಅಂತಲ್ಲ.

## ಹಂತ 6: ಪ್ರಿಪೊಸಿಷನ್ ಬಂದಾಗ

ಮನುಷ್ಯರ ಹತ್ತಿರವಾದರೆ ಶೇ, ಜಾಗವಾದರೆ ಆ. ‘ಝ ಪಾಸ್ ಶೇ ಲ ಮೇದ್ಸ್ಯಾಂ’, ಡಾಕ್ಟರ ಹತ್ತಿರ ಹೋಗಿ ಬರ್ತೀನಿ. ‘ಝ ಪಾಸ್ ಆ ಲಾ ಬೂಲಾಂಝ್ರೀ’, ಬೇಕರಿಗೆ ಹೋಗಿ ಬರ್ತೀನಿ. ಎರಡರಲ್ಲೂ ‘ಹಾಗೇ ಒಂದು ಗಳಿಗೆ’ ಅನ್ನುವ ಧ್ವನಿ ಇದೆ. ಸಂಜೆಯೆಲ್ಲ ಕೂತು ಊಟ ಮಾಡಿ ಬರುವ ಭೇಟಿಗೆ ಪಾಸೇ ಬಳಸಬೇಡಿ.

ಪಾರ್ ಅಂದರೆ ಮೂಲಕ, ದವಾಂ ಅಂದರೆ ಮುಂದೆ. ಬಸ್ಸು ಬರುವ ಹೊತ್ತಿಗೂ ಇದೇ: ‘ಲ ಬ್ಯುಸ್ ಪಾಸ್ ಆ ವೀತರ್’, ಬಸ್ಸು ಎಂಟಕ್ಕೆ ಬರುತ್ತೆ. ಬರುತ್ತೆ ಅಂತ ವೆನೀರ್ ಹುಡುಕಬೇಡಿ.

‘ಆ’ಗೆ ಇನ್ನೊಂದು ಕೆಲಸವಿದೆ: ಒಂದರಿಂದ ಮುಂದಿನದಕ್ಕೆ ಸರಿಯುವುದು. ‘ಓಂ ಪಾಸ್ ಆ ತಾಬ್ಲ್!’ ಅಂದರೆ ಊಟಕ್ಕೆ ಏಳಿ. ಏಳಬೇಕಾದವರು ಏಳದೆ ಸೋಫಾದಲ್ಲೇ ಕೂತಿದ್ದರೆ ಅಡುಗೆ ಮಾಡಿದವರಿಗೆ ಬೇಜಾರಾಗುತ್ತದೆ, ತಿಳಿದಿರಲಿ. ‘ಪಾಸೇ ಆ ಓತ್ರ್ ಶೋಜ಼್’ ಅಂದರೆ ಬೇರೆ ವಿಷಯಕ್ಕೆ ಬರೋಣ.

‘ಪೂರ್’ ಬಂದರೆ ಅರ್ಥ ಪೂರಾ ಬೇರೆ. ‘ಈಲ್ ಪಾಸ್ ಪೂರ್ ಅನ್ ಈದಿಯೋ’: ಜನ ಅವನನ್ನು ದಡ್ಡ ಅಂದುಕೊಂಡಿದ್ದಾರೆ. ದಡ್ಡನೇ ಹೌದು ಅಂತ ವಾಕ್ಯ ಹೇಳುವುದಿಲ್ಲ. ‘ಸ ಫೇರ್ ಪಾಸೇ ಪೂರ್’ ಅಂದರೆ ಬೇಕೆಂದೇ ಇನ್ನೊಬ್ಬರ ಸೋಗು ಹಾಕುವುದು. ಬ್ಯಾಂಕಿನವರ ಹೆಸರಿನಲ್ಲಿ ಓಟಿಪಿ ಕೇಳುವವನು ಮಾಡುವ ಕೆಲಸ.

## ಹಂತ 7: ಪಾಸೇ ಆದ ಮೇಲೆ ಇನ್ನೊಂದು ಕ್ರಿಯಾಪದ

‘ಝ ಪಾಸ್ ತ ಶೆರ್ಶೇ ಆ ವೀತರ್’: ಎಂಟಕ್ಕೆ ಬಂದು ಕರ್ಕೊಂಡು ಹೋಗ್ತೀನಿ. ನಮ್ಮ ‘ಬಂದು’ ಇಲ್ಲಿ ಪಾಸೇ ಆಗಿದೆ, ಮುಖ್ಯ ಕೆಲಸ ಎರಡನೆಯ ಕ್ರಿಯಾಪದದಲ್ಲಿದೆ. ಕನ್ನಡಿಗರಿಗೆ ಇದು ಸಲೀಸು. ನೋಡಬೇಕಾದ್ದು ಎರಡೇ: ಸರ್ವನಾಮ ಎರಡನೆಯ ಕ್ರಿಯಾಪದದ ಎಡಗಡೆ ಕೂರುತ್ತದೆ, ‘ಝ ತ ಪಾಸ್ ಶೆರ್ಶೇ’ ಆಗುವುದಿಲ್ಲ. ಭೂತಕಾಲದಲ್ಲಿ ಎತ್ರ್: ‘ಝ ಸ್ವಿ ಪಾಸೇ ತ ವ್ವಾರ್’, ನಿನ್ನ ನೋಡೋಣ ಅಂತ ಬಂದಿದ್ದೆ.

## ಹಂತ 8: ಬರೆಯುವಾಗ ಮಾತ್ರ ಕಾಡುವ ಹೊಂದಾಣಿಕೆ

ಬಾಯಲ್ಲಿ ಗೊತ್ತಾಗದ ತಪ್ಪು, ಬರೆದಾಗ ಅಂಕ ಹೋಗುತ್ತದೆ. ಎತ್ರ್ ಜೊತೆ ಕೃದಂತ ಕರ್ತೃವಿಗೆ ಹೊಂದಬೇಕು. ‘ಎಲ್ ಎ ಪಾಸೇ’ ಅಂತ ಹೆಂಗಸಿನ ಬಗ್ಗೆ ಬರೆದರೆ ಗೀರಿನ ಇ ಆದ ಮೇಲೆ ಇನ್ನೊಂದು ಇ. ಹೆಂಗಸರು ತಮ್ಮ ಬಗ್ಗೆ ‘ಝ ಸ್ವಿ ಪಾಸೇ’ ಬರೆದುಕೊಳ್ಳುವಾಗಲೂ ಅಷ್ಟೇ.

ಅವ್ವಾರ್ ಜೊತೆ ಹೊಂದಾಣಿಕೆ ಇಲ್ಲ, ಕರ್ಮ ಮೊದಲೇ ಬಂದಿದ್ದರೆ ಮಾತ್ರ ಉಂಟು. ‘ಝೇ ಪಾಸೇ ಯುನ್ ಕೊಮಾಂದ್’ನಲ್ಲಿ ಒಂದೇ ಇ. ‘ಲಾ ಕೊಮಾಂದ್ ಕ ಝೇ ಪಾಸೇ’, ನಾನು ಕೊಟ್ಟ ಆರ್ಡರ್, ಇಲ್ಲಿ ಎರಡು. ಮೊದಲ ಕರಡಿನಲ್ಲಿ ಇದರ ಬಗ್ಗೆ ತಲೆ ಕೆಡಿಸಿಕೊಳ್ಳದೆ ಬರೆದು, ಆಮೇಲೆ ಎರಡನೆಯ ಬಣ್ಣದ ಪೆನ್ನಿನಲ್ಲಿ ಪ್ರತಿ ಪಾಸೇಯ ಬಾಲವನ್ನೂ ತಡವಿ ನೋಡಿ.

## ಇಡಿಯಾಗಿ ಕಲಿಯಬೇಕಾದ ಕೆಲವು

ನುಡಿಗಟ್ಟು ನೂರಿವೆ, ನನಗೆ ದಿನಬಳಕೆಯಲ್ಲಿ ಕಿವಿಗೆ ಬಿದ್ದವು ನಾಲ್ಕೈದು. ‘ಪಾಸೇ ಅಂ ಸಾವೋಂ’: ಸಾವೋಂ ಅಂದರೆ ಸೋಪು, ಅರ್ಥ ಮಾತ್ರ ಚೆನ್ನಾಗಿ ಬೈಯುವುದು, ಮಂಗಳಾರತಿ ಎತ್ತುವುದು. ‘ಪಾಸೇ ಲೇಪೋಂಝ್’: ಸ್ಪಂಜು ಆಡಿಸು, ಅಂದರೆ ಆದದ್ದಾಯ್ತು ಬಿಡು ಅಂತ ಮನ್ನಿಸು. ‘ಪಾಸೇ ಯುನ್ ನ್ವಿ ಬ್ಲಾಂಶ್’: ರಾತ್ರಿಯಿಡೀ ಕಣ್ಣು ಮುಚ್ಚದೆ ಕಳೆ. ‘ಸಾ ಪಾಸ್ ಊ ಸಾ ಕಾಸ್’: ಆದರೆ ಆಯ್ತು, ಇಲ್ಲಾಂದ್ರೆ ಹೋಯ್ತು. ‘ಝೇ ಫಾಯಿ ಇ ಪಾಸೇ’: ಇನ್ನೇನು ಸತ್ತೇ ಹೋಗುತ್ತಿದ್ದೆ.

ಈ ಕೊನೆಯದರಿಂದ ಒಂದು ಎಚ್ಚರಿಕೆ. ಅಜ್ಜಿ ತೀರಿಕೊಂಡರು ಅಂತ ಬರೆಯುವಾಗ ಇಂಗ್ಲಿಷ್ ನೆನಪಿನಲ್ಲಿ ಪಾಸೇ ಬಳಸುವವರಿದ್ದಾರೆ. ಓದಿದವರಿಗೆ ಅಜ್ಜಿ ಮನೆಗೆ ಬಂದು ಹೋದರು ಅಂತ ಅನ್ನಿಸುತ್ತದೆ. ‘ಮಾ ಗ್ರಾಂ ಮೇರ್ ಎ ದೇಸೇದೇ’ ಅನ್ನಿ.

## ಕೈ ಪರೀಕ್ಷೆ

ಕೆಳಗಿನ ಐದು ಸಾಲನ್ನು ಉತ್ತರ ಮುಚ್ಚಿಟ್ಟುಕೊಂಡು ಫ್ರೆಂಚ್‌ಗೆ ತನ್ನಿ. ಪ್ರತಿ ಸಾಲಿಗೂ ಅದೇ ಕ್ರಮ: ಹಿಂದೆ ‘ಸ’ ಬೇಕೇ, ಮುಂದೆ ಬರುವುದು ಕರ್ಮವೇ, ಪ್ರಿಪೊಸಿಷನ್ನೇ, ಇನ್ನೊಂದು ಕ್ರಿಯಾಪದವೇ.

‘ನಿನ್ನೆ ಸಂಜೆ ಅಕ್ಕ ಮನೆಗೆ ಬಂದು ಹೋದಳು. ಅಡುಗೆಮನೆಯಲ್ಲಿ ಒಂದು ಗಂಟೆ ಕಳೆದೆವು. ಪರೀಕ್ಷೆ ಚೆನ್ನಾಗಿ ಆಯ್ತಾ ಅಂದಳು. ಬರೆದೆ, ರಿಸಲ್ಟ್ ಇನ್ನೂ ಬಂದಿಲ್ಲ ಅಂದೆ. ನಾಳೆ ಎಂಟಕ್ಕೆ ಬಂದು ಕರ್ಕೊಂಡು ಹೋಗ್ತಾಳೆ.’

1. ಯೇರ್ ಸ್ವಾರ್, ಮಾ ಸರ್ ಎ ಪಾಸೇ ಆ ಲಾ ಮೇಜ಼ೋಂ. ಅಕ್ಕನೋ ತಂಗಿಯೋ, ಫ್ರೆಂಚರಿಗೆ ‘ಸರ್’ ಒಂದೇ. ಪಾಸೇಯ ಬಾಲಕ್ಕೆ ಹೆಚ್ಚುವರಿ ಇ ಬರೆದಿರಾ?

2. ಓಂ ನಾ ಪಾಸೇ ಯುನರ್ ದಾಂ ಲಾ ಕ್ವಿಜ಼ೀನ್. ‘ಒಂದು ಗಂಟೆ’ ಕರ್ಮ, ಹಾಗಾಗಿ ಅವ್ವಾರ್.

3. ಲೆಗ್ಜಾಮ್ಯಾಂ ಸೆ ಬಿಯಾಂ ಪಾಸೇ? ಪರೀಕ್ಷೆಯೇ ಕರ್ತೃ, ‘ಸ’ ಬೇಕು.

4. ಝ ಲೇ ಪಾಸೇ, ಮೇ ಝ ನೇ ಪಾ ಜ಼ಾಂಕೋರ್ ಲೇ ರೇಜ಼್ಯುಲ್ತಾ. ಇಲ್ಲಿ ರೇಯುಸೀರ್ ಬಳಸಿದ್ದರೆ ಫಲಿತಾಂಶ ಬರುವ ಮೊದಲೇ ಪಾಸಾಗಿಬಿಟ್ಟಿರಿ. ಐದನೆಯ ಹಂತಕ್ಕೆ ವಾಪಸ್ ಹೋಗಿ.

5. ಎಲ್ ಪಾಸ್ ಮ ಶೆರ್ಶೇ ದಮ್ಯಾಂ ಆ ವೀತರ್. ‘ಮ’ ಶೆರ್ಶೇಯ ಎಡಗಡೆ ಇದ್ದರೆ ಸರಿ, ಪಾಸ್‌ನ ಎಡಗಡೆ ಇದ್ದರೆ ಏಳನೆಯ ಹಂತ ಇನ್ನೊಮ್ಮೆ.